ದುಬೈಯಲ್ಲಿ ಮೊದಲ ತಿಂಗಳು: ಕರಾವಳಿಯಿಂದ ಹೊರಟವರಿಗೆ ಒಂದು ಕೈಪಿಡಿ

ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ಹೊರಟ ವಿಮಾನ ದುಬೈಯಲ್ಲಿ ಇಳಿಯಲು ಸುಮಾರು ಮೂರೂವರೆ ಗಂಟೆ ಸಾಕು. ಉಡುಪಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿದವರು ಅಷ್ಟು ಹೊತ್ತಿಗೆ ಅರ್ಧ ದಾರಿಯನ್ನೂ ದಾಟಿರುವುದಿಲ್ಲ. ಹೀಗಾಗಿ ನಮ್ಮ ಕಡೆಯ ಅನೇಕರು ದುಬೈಯನ್ನು ಪರದೇಶವೆಂದೇ ಭಾವಿಸದೆ, ಅಣ್ಣನೋ ಭಾವನೋ ಅಲ್ಲಿದ್ದಾರೆ ಎಂಬ ಧೈರ್ಯದಲ್ಲಿ ಹೊರಟುಬಿಡುತ್ತಾರೆ. ಧೈರ್ಯ ಒಳ್ಳೆಯದೇ. ಆದರೆ ಮೊದಲ ಸಂಬಳ ಕೈಗೆ ಬರುವವರೆಗೆ ಏನನ್ನು ಕೊಳ್ಳಬೇಕು, ಯಾವುದನ್ನು ಮುಂದೂಡಬೇಕು, ಯಾರೊಡನೆ ಒಡನಾಟ ಬೆಳೆಸಬೇಕು ಎಂಬುದನ್ನು ಊರಿನಲ್ಲಿರುವಾಗಲೇ ಯೋಚಿಸಿಕೊಂಡರೆ ಹಣವೂ ಉಳಿಯುತ್ತದೆ, ಮನೆಯವರಿಗೂ ನೆಮ್ಮದಿ. ನನ್ನ ಖಚಿತ ಅಭಿಪ್ರಾಯವೆಂದರೆ, ಮೊದಲ ತಿಂಗಳನ್ನು ಪರಿಚಯಗಳಿಗಾಗಿ ಮೀಸಲಿಡಬೇಕು. ದೊಡ್ಡ ಖರೀದಿಗಳೆಲ್ಲ ಆಮೇಲೆ.

ಸಾಮಾನು ಕಟ್ಟುವಾಗ ಅಮ್ಮಂದಿರು ಕುಚ್ಚಲಕ್ಕಿ, ತೆಂಗಿನೆಣ್ಣೆ, ಬೆಲ್ಲ, ಹಪ್ಪಳಗಳನ್ನು ತುಂಬಿಸಲು ಮುಂದಾಗುತ್ತಾರೆ. ಇವೆಲ್ಲ ದುಬೈಯ ಕರಾಮ, ಬರ್ ದುಬೈ ಬಡಾವಣೆಗಳ ಅಂಗಡಿಗಳಲ್ಲಿ ಸಿಗುವುದರಿಂದ ಅವುಗಳಿಗಾಗಿ ತೂಕವನ್ನು ವ್ಯಯಿಸಬೇಡಿ. ಮನೆಯಲ್ಲೇ ಹುರಿದು ಪುಡಿಮಾಡಿದ ಸಾರಿನ ಪುಡಿ, ಮೀನಿನ ಮಸಾಲೆಗಳನ್ನು ಅವಶ್ಯವಾಗಿ ಒಯ್ಯಿರಿ, ಏಕೆಂದರೆ ಆ ರುಚಿ ಅಂಗಡಿಯ ಪೊಟ್ಟಣದಲ್ಲಿ ಬರುವುದಿಲ್ಲ. ಆದರೆ ಪುಡಿ ಮಾಡುವ ಮುನ್ನವೇ ಮನೆಯವರಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಅದರಲ್ಲಿ ಗಸಗಸೆ ಇರಕೂಡದು. ನಮ್ಮ ಅಡುಗೆಮನೆಯಲ್ಲಿ ಪಾಯಸಕ್ಕೂ ಗರಂ ಮಸಾಲೆಗೂ ಬೀಳುವ ಈ ಕಾಳು ಅಫೀಮಿನ ಗಿಡದ್ದಾದ್ದರಿಂದ ಯುಎಇಯಲ್ಲಿ ನಿಷಿದ್ಧ ವಸ್ತು, ಮತ್ತು ಮಾದಕವಸ್ತುಗಳ ವಿಷಯದಲ್ಲಿ ಅಲ್ಲಿನ ಕಾನೂನು ಬಹಳ ಕಠಿಣ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆಗಳಿಗೂ ಅಲ್ಲಿನ ಸರ್ಕಾರದ ಅನುಮತಿ ಮೊದಲೇ ಬೇಕು. ಬೇರೆ ಯಾವುದೇ ನಿತ್ಯದ ಔಷಧವಿದ್ದರೂ ವೈದ್ಯರ ಚೀಟಿ ಜೊತೆಗಿರಲಿ. ಒಣ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚಿದ್ದು ಬೆಂಕಿ ಹೊತ್ತಿಕೊಳ್ಳುವ ಸಾಧ್ಯತೆ ಇರುವುದರಿಂದ ವಿಮಾನದಲ್ಲಿ ಅದಕ್ಕೆ ಅವಕಾಶವಿಲ್ಲ. ಪವರ್ ಬ್ಯಾಂಕನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ವಿದ್ಯುತ್ ಉಪಕರಣಗಳ ವಿಷಯದಲ್ಲಿ ಹೆಚ್ಚು ಚಿಂತೆ ಬೇಡ. ವೋಲ್ಟೇಜ್ ಹೆಚ್ಚುಕಡಿಮೆ ನಮ್ಮಷ್ಟೇ, ಆವರ್ತನವೂ 50 ಹರ್ಟ್ಸ್. ಬದಲಾಗುವುದು ಪ್ಲಗ್ಗಿನ ಆಕಾರ ಮಾತ್ರ. ಅಲ್ಲಿನದು ಬ್ರಿಟನ್ ಮಾದರಿಯ, ಚಪ್ಪಟೆ ಕಾಲುಗಳ ಮೂರು ಪಿನ್ನಿನ ಪ್ಲಗ್. ಅಡಾಪ್ಟರ್ ಒಂದಿದ್ದರೆ ಇಲ್ಲಿನ ಮಿಕ್ಸಿ ಅಲ್ಲಿಯೂ ತಿರುಗುತ್ತದೆ. ಆದರೂ ರೂಮಿನಲ್ಲಿ ಮಿಕ್ಸಿ ಇದೆಯೇ, ಒಲೆ ಗ್ಯಾಸಿನದೋ ಇಂಡಕ್ಷನ್ನೋ ಎಂದು ಕೇಳಿ ತಿಳಿದುಕೊಂಡ ಮೇಲೆಯೇ ದೋಸೆಯ ಕಾವಲಿಯನ್ನೂ ಮಿಕ್ಸಿಯನ್ನೂ ಪೆಟ್ಟಿಗೆಗೆ ಹಾಕಿರಿ.

ಹೊರಡುವ ಮುನ್ನ ನಿಮ್ಮ ಭಾರತದ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಮಾಡಿಸಿಕೊಳ್ಳಿ ಮತ್ತು ಅಲ್ಲಿಗೆ ಹೋದ ಮೇಲೂ ಅದರ ರೀಚಾರ್ಜ್ ತಪ್ಪಿಸಬೇಡಿ, ಏಕೆಂದರೆ ಬ್ಯಾಂಕಿನ ಒಟಿಪಿ ಬರುವುದು ಅದೇ ನಂಬರಿಗೆ. ಉದ್ಯೋಗಕ್ಕಾಗಿ ವಿದೇಶಕ್ಕೆ ಹೋದವರು ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿ ಭಾರತೀಯರು ಊರಿನ ಆದಾಯಕ್ಕೆ ಇಟ್ಟುಕೊಳ್ಳುವ ಖಾತೆ) ಬದಲಾಯಿಸಿಕೊಳ್ಳಬೇಕೆಂಬುದು ನಿಯಮ. ಇದನ್ನು ವರ್ಷಗಟ್ಟಲೆ ಹಾಗೆಯೇ ಬಿಡುವವರು ನಮ್ಮಲ್ಲಿ ಬಹಳ ಮಂದಿ. ಅಲ್ಲಿ ದುಡಿದ ಹಣವನ್ನು ಕಳುಹಿಸಲು ಎನ್‌ಆರ್‌ಇ ಖಾತೆ ತೆರೆದರೆ ಅದರ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ.

ಮನೆಗೆ ಕರೆ ಮಾಡುವ ವಿಷಯದಲ್ಲಿ ಹೊಸಬರು ಮೊದಲ ದಿನವೇ ಗಲಿಬಿಲಿಗೊಳ್ಳುತ್ತಾರೆ. ವಾಟ್ಸಾಪ್‌ನಲ್ಲಿ ಸಂದೇಶವೂ ಧ್ವನಿಮುದ್ರಿಕೆಯೂ ಹೋಗುತ್ತವೆ, ಆದರೆ ಕರೆ ಹೋಗುವುದಿಲ್ಲ. ಅದಕ್ಕೆ ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್‌ಗಳು ಬೇಕು. ಆದ್ದರಿಂದ ಬಜಪೆಗೆ ಹೊರಡುವ ಮೊದಲೇ ಮನೆಯವರ ಫೋನಿನಲ್ಲೂ ಆ ಆ್ಯಪ್ ಹಾಕಿಸಿ, ಅವರ ಕೈಯಿಂದಲೇ ಒಂದು ಕರೆ ಮಾಡಿಸಿ ಕಲಿಸಿಕೊಡಿ. ವಿಪಿಎನ್ ಹಾಕಿ ನಿರ್ಬಂಧವನ್ನು ದಾಟುವ ಉಪಾಯವನ್ನು ರೂಮಿನಲ್ಲಿ ಯಾರಾದರೂ ಹೇಳಿಕೊಟ್ಟರೆ ಒಪ್ಪಬೇಡಿ, ಅದಕ್ಕೆ ಲಕ್ಷಗಟ್ಟಲೆ ದಿರ್ಹಮ್ ದಂಡದ ಕಾನೂನಿದೆ. ಅಲ್ಲಿ ರಾತ್ರಿ ಒಂಬತ್ತಾದಾಗ ಊರಿನಲ್ಲಿ ಹತ್ತೂವರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮಾತನಾಡುವ ಹೊತ್ತನ್ನು ಗೊತ್ತುಮಾಡಿಕೊಳ್ಳಿ.

ಇನ್ನು ಪೇಟೆ. ಮೆಟ್ರೋ, ಬಸ್ಸುಗಳಿಗೆ ಒಂದೇ ನೋಲ್ ಕಾರ್ಡ್ ಸಾಕು. ಮೆಟ್ರೋದೊಳಗೆ ನೀರು ಕುಡಿದರೂ ದಂಡ ಬೀಳುತ್ತದೆಂಬುದು ನೆನಪಿರಲಿ. ಮೀನಿಲ್ಲದೆ ಊಟ ಸೇರದವರಿಗೆ ದೇರಾದ ವಾಟರ್‌ಫ್ರಂಟ್ ಮಾರುಕಟ್ಟೆ ಇದೆ. ಅಲ್ಲಿ ಅಂಜಲ್, ಬಂಗುಡೆ, ಬೂತಾಯಿ ಎಲ್ಲವೂ ಕಣ್ಣಿಗೆ ಬೀಳುತ್ತವೆ, ಚೌಕಾಸಿಯೂ ನಡೆಯುತ್ತದೆ. ಮೀನನ್ನು ಕೊಂಡ ಮೇಲೆ ಬೇರೆ ವಿಭಾಗದಲ್ಲಿ ಹಣ ಕೊಟ್ಟು ಅದನ್ನು ಸ್ವಚ್ಛ ಮಾಡಿಸಿಕೊಳ್ಳಬೇಕು. ನಮ್ಮ ಮೀನು ಮಾರುಕಟ್ಟೆಯಲ್ಲಿ ನೋಡುವಂತೆ ಕಿವಿರು ಎತ್ತಿ ಬಣ್ಣ ನೋಡಿ, ಬೆರಳಿನಿಂದ ಒತ್ತಿ ಮಾಂಸ ಗಟ್ಟಿಯಿದೆಯೇ ಎಂದು ಪರೀಕ್ಷಿಸಿದರೆ ಯಾರೂ ಬೇಸರಿಸುವುದಿಲ್ಲ. ಸೂಪರ್ ಮಾರ್ಕೆಟ್ಟುಗಳಲ್ಲಿ ಚೌಕಾಸಿ ಇಲ್ಲ, ಬೆಲೆಯಲ್ಲಿ ಶೇ. 5 ವ್ಯಾಟ್ ಸೇರಿಯೇ ಇರುತ್ತದೆ.

ಹೊಸಬರ ಕೈ ಸುಡುವುದು ಮೊಬೈಲ್, ಲ್ಯಾಪ್‌ಟಾಪ್ ಅಂಗಡಿಗಳಲ್ಲಿ. ಮೊದಲ ಸಂಬಳಕ್ಕೂ ಮುಂಚೆ ಕಂತಿನ ಮೇಲೆ ಫೋನು ಕೊಳ್ಳುವ ಆತುರ ಖಂಡಿತ ಬೇಡ. ಸಾಲದ ಕಂತು ತಪ್ಪಿದರೆ ಆಗುವ ತೊಂದರೆ ಊರಿನಲ್ಲಿದ್ದಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಡಿಸೆಂಬರ್‌ನಿಂದ ಜನವರಿಯವರೆಗೆ ನಡೆಯುವ, 1996ರಲ್ಲಿ ಶುರುವಾದ ದುಬೈ ಶಾಪಿಂಗ್ ಫೆಸ್ಟಿವಲ್‌ವರೆಗೆ ಕಾಯಲು ಸಾಧ್ಯವಿದ್ದರೆ ಕಾಯಿರಿ. ಕೊಳ್ಳುವ ದಿನ ಡಬ್ಬಿಯನ್ನು ಅಂಗಡಿಯಲ್ಲೇ ತೆರೆಸಿ, *#06# ಒತ್ತಿ ಪರದೆಯ ಮೇಲೆ ಮೂಡುವ 15 ಅಂಕಿಗಳ ಐಎಂಇಐ ಸಂಖ್ಯೆಯು (ಆ ಫೋನಿನ ಗುರುತಿನ ಸಂಖ್ಯೆ) ಡಬ್ಬಿಗೆ ಅಂಟಿಸಿದ ಚೀಟಿಗೂ ಬಿಲ್ಲಿಗೂ ಹೊಂದುತ್ತದೆಯೇ ಎಂದು ಒಂದೊಂದಾಗಿ ಓದಿ ನೋಡಿ. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಕೇಳಿ, ಬಾಯಿಮಾತಿಗೆ ತೃಪ್ತರಾಗದೆ ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಊರಿನ ತಮ್ಮನಿಗೋ ಅಕ್ಕನಿಗೋ ಒಯ್ಯುವ ಫೋನಾದರೆ ಇದು ಇನ್ನೂ ಮುಖ್ಯ.

ಇಷ್ಟೆಲ್ಲ ವಿವರಗಳನ್ನು ನಿಮಗೆ ದಿನನಿತ್ಯ ತಿಳಿಸಿಕೊಡುವವರು ರೂಮಿನಲ್ಲಿ ಜೊತೆಗಿರುವವರೇ. ಬೆಡ್‌ಸ್ಪೇಸ್‌ನಲ್ಲಿ, ಅಂದರೆ ಹಲವರಿರುವ ರೂಮಿನಲ್ಲಿ ಒಂದು ಮಂಚದ ಜಾಗವನ್ನಷ್ಟೇ ಬಾಡಿಗೆಗೆ ಪಡೆದು ಇರುವಾಗ, ಅಡುಗೆಯ ಸರದಿ, ಸ್ನಾನದ ಹೊತ್ತು, ಸಾಮಾನಿನ ಖರ್ಚಿನ ಪಾಲು ಇವುಗಳನ್ನು ಮೊದಲ ವಾರವೇ ಮುಕ್ತವಾಗಿ ಮಾತನಾಡಿ ತೀರ್ಮಾನಿಸಿಕೊಂಡರೆ ಸ್ನೇಹ ಕೆಡುವ ಪ್ರಸಂಗ ಬರುವುದಿಲ್ಲ. “ಈರೆನ ಊರು ಓಲು?” (ನಿಮ್ಮ ಊರು ಎಲ್ಲಿ?) ಎಂದು ಯಾರಾದರೂ ತುಳುವಿನಲ್ಲಿ ಕೇಳಿದಾಗ ಆಗುವ ಸಂತೋಷ ದೊಡ್ಡದು, ಮತ್ತು ಕನ್ನಡ, ತುಳು, ಕೊಂಕಣಿ, ಬ್ಯಾರಿ ಭಾಷಿಕರ ಸಂಘಟನೆಗಳ ಕಾರ್ಯಕ್ರಮಗಳಿಗೆ ತಪ್ಪದೆ ಹೋಗಬೇಕು, ಹೋದಾಗ ಪ್ರೇಕ್ಷಕರಾಗಿ ಕುಳಿತು ಬರುವ ಬದಲು ಕುರ್ಚಿ ಜೋಡಿಸಲು, ಊಟ ಬಡಿಸಲು ಕೈಜೋಡಿಸಿದರೆ ಪರಿಚಯ ಬೇಗ ಬೆಳೆಯುತ್ತದೆ. ಆದರೆ ಊರಿನವರ ಬಳಗಕ್ಕಷ್ಟೇ ಸೀಮಿತರಾಗಬೇಡಿ. ಕೆಲಸದ ಜಾಗದಲ್ಲಿ ಫಿಲಿಪ್ಪೀನ್ಸ್, ನೇಪಾಳ, ಈಜಿಪ್ಟಿನವರೊಡನೆ ಊಟ ಹಂಚಿಕೊಳ್ಳಿ. ಮುಂದಿನ ಕೆಲಸದ ಸುಳಿವು ಅನೇಕ ವೇಳೆ ಆ ಕಡೆಯಿಂದಲೇ ಬರುತ್ತದೆ.

ಸ್ನೇಹಿತರ ವಾಟ್ಸಾಪ್ ಗುಂಪುಗಳಲ್ಲಿ ಮಾತ್ರ ಎಚ್ಚರ ಇರಲಿ. ಅನುಮತಿಯಿಲ್ಲದೆ ಇನ್ನೊಬ್ಬರ ಫೋಟೊ ತೆಗೆದು ಹಂಚುವುದು, ಬೈದು ಸಂದೇಶ ಕಳುಹಿಸುವುದು ಅಲ್ಲಿ ಅಪರಾಧ. ಊರಿನಲ್ಲಿ ಯಾರಿಗೋ ಕಾಯಿಲೆಯಾದಾಗ ಗುಂಪಿನಲ್ಲಿ ಹಣ ಸಂಗ್ರಹಿಸುವುದು ನಮ್ಮವರ ಒಳ್ಳೆಯ ಗುಣ. ಆದರೆ ಪರವಾನಗಿಯಿಲ್ಲದೆ ಸಾರ್ವಜನಿಕವಾಗಿ ದೇಣಿಗೆ ಎತ್ತುವುದನ್ನು ಯುಎಇಯ 2021ರ ಕಾನೂನು ನಿಷೇಧಿಸಿದೆ. ಸಹಾಯ ಮಾಡಬೇಕೆನಿಸಿದರೆ ಹಣವನ್ನು ಒಬ್ಬರ ಕೈಯಲ್ಲಿ ಒಟ್ಟುಗೂಡಿಸದೆ, ನಿಮ್ಮ ಪಾಲಿನದನ್ನು ನಿಮ್ಮ ಊರಿನ ಖಾತೆಯಿಂದ ಆ ಕುಟುಂಬದವರ ಖಾತೆಗೇ ನೇರವಾಗಿ ಕಳುಹಿಸಿ.