ಮರಡಿಹಳ್ಳಿಯ ದಿಂಬು ಲಾವಾದಲ್ಲಿ ‘ಮೇಲು’ ಯಾವ ಕಡೆ?

ಚಿತ್ರದುರ್ಗದ ಕೋಟೆ ನಿಂತಿರುವುದು ಗ್ರಾನೈಟ್ ಮೇಲೆ, ಅಂದರೆ ನೆಲದಾಳದಲ್ಲಿ ನಿಧಾನವಾಗಿ ತಣಿದ ಕಲ್ಲಿನ ಮೇಲೆ. ಲಾವಾ ನೋಡಬೇಕಾದರೆ ಐಮಂಗಲದ ಕಡೆಯ ಮರಡಿಹಳ್ಳಿಗೆ ಹೋಗಬೇಕು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ ಅಲ್ಲಿ ದಿಂಬು ದಿಂಬಾಗಿ ಹೆಪ್ಪುಗಟ್ಟಿದೆ. ಜಾಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಹಾಗಾಗಿ ಸುತ್ತಿಗೆ ಮನೆಯಲ್ಲೇ ಇರಲಿ. ಎರಡು ಲೀಟರ್ ನೀರು, 10 ಪಟ್ಟು ಹಿಗ್ಗಿಸುವ ಲೆನ್ಸ್, ದಿಕ್ಸೂಚಿ, ಟೇಪು ಸಾಕು. ಬೆಳಿಗ್ಗೆ ಅಥವಾ ಸಂಜೆ ಹೋಗಿ. ಓರೆ ಬಿಸಿಲಿನಲ್ಲಿ ಅಂಚುಗಳು ಎದ್ದು ಕಾಣುತ್ತವೆ.

ಮೊದಲು ಬಂಡೆಗೆ ನೀರು ಚಿಮುಕಿಸಿ ಒರೆಸಿ. ಪ್ರತಿ ದಿಂಬಿನ ಸುತ್ತ ಬೇರೆ ಬಣ್ಣದ ಗೆರೆಯೊಂದು ಮೂಡುತ್ತದೆ. 1,100 ಡಿಗ್ರಿಗೂ ಮೀರಿ ಕಾದ ಲಾವಾ ನೀರು ತಾಕಿದ ಕ್ಷಣ ಗಾಜಾಗಿದ್ದ ಸಿಪ್ಪೆ ಅದು. ಈಗ ಕ್ಲೋರೈಟ್ ಎಂಬ ಖನಿಜವಾಗಿ ಹಸಿರು ತಿರುಗಿದೆ. ಲೆನ್ಸ್ ಹಿಡಿದರೆ ಅಂಚಿನಲ್ಲಿ ಕಣ ಸಣ್ಣ, ಒಳಕ್ಕೆ ಹೋದಂತೆ ದಪ್ಪ. ಬಿಸಿಲು ಮಳೆಗೆ ಸಿಪ್ಪೆ ಸುಲಿದು ದುಂಡಾದ ಗುಂಡುಗಳಲ್ಲಿ ಈ ವ್ಯತ್ಯಾಸ ಇರುವುದಿಲ್ಲ. ಹೊಸಬರು ಬೇಸ್ತು ಬೀಳುವುದು ಅಲ್ಲೇ.

ಇನ್ನು ಲಾವಾ ಹೆಪ್ಪುಗಟ್ಟಿದಾಗ ‘ಮೇಲು’ ಯಾವ ಕಡೆಯಿತ್ತೆಂದು ತಿಳಿಯಲು ದಿಂಬಿನ ಬಾಲ, ಅಂದರೆ ಚೂಪು ತುದಿ ಹುಡುಕಿ. ದಾವಣಗೆರೆ ಮಂಡಿಯಲ್ಲಿ ಸಡಿಲ ತುಂಬಿದ ಮೆಕ್ಕೆಜೋಳದ ಚೀಲವನ್ನು ಎರಡು ಚೀಲಗಳ ಸಂದಿನ ಮೇಲೆ ಹಾಕಿದರೆ ಏನಾಗುತ್ತದೆ? ಅಡಿ ಸಂದಿಗೆ ಇಳಿದು ಚೂಪಾಗುತ್ತದೆ, ಬೆನ್ನು ಉಬ್ಬಿರುತ್ತದೆ. ಮೆತ್ತಗಿದ್ದ ಲಾವಾ ದಿಂಬೂ ಹಾಗೇ ಕೂತಿತು. ಉಬ್ಬಿದ ಕಡೆ ಮೇಲು, ಬಾಲ ಕೆಳಗು. ಆದರೆ ಇಲ್ಲಿನ ಕಲ್ಲಿನ ಪದರಗಳು ಆಮೇಲೆ ಕಡಿದಾಗಿ ಎದ್ದು ನಿಂತಿವೆ. ಆದ್ದರಿಂದ ಬಾಲ ಪಾತಾಳದ ಕಡೆಗೇ ತೋರಿಸಬೇಕೆಂದಿಲ್ಲ, ಪಕ್ಕಕ್ಕೂ ತೋರಿಸೀತು. ಅಂದಿನ ಆಕಾಶ ಇಂದು ಅಡ್ಡಬಿದ್ದಿದೆ ಅಂದುಕೊಳ್ಳಿ.

ಒಂದೇ ದಿಂಬನ್ನು ನಂಬಬೇಡಿ. ಕನಿಷ್ಠ ಹತ್ತರ ಬಾಲದ ದಿಕ್ಕು ಬರೆದುಕೊಳ್ಳಿ, ಉದ್ದ-ಅಗಲವನ್ನೂ ಅಳೆಯಿರಿ. ಎಲ್ಲ ದಿಂಬೂ ಒಂದೇ ದಿಕ್ಕಿಗೆ ಕಡ್ಲೆಬೀಜದಂತೆ ಎಳೆದಂತಿದ್ದರೆ, ಆಮೇಲಿನ ಒತ್ತಡ ಅವನ್ನು ಹಿಂಡಿದೆ; ಅಂಥಲ್ಲಿ ಚೂಪು ತುದಿಗೆ ಅರ್ಥವಿಲ್ಲ. ಉದ್ದುದ್ದ ಕೊಳವೆಯಂತೆ ಕಂಡರೆ ನೀವು ನೋಡುತ್ತಿರುವುದು ಉದ್ದಸೀಳು, ಅಡ್ಡಸೀಳು ಸಿಗುವ ಮುಖಕ್ಕೆ ಸರಿಯಿರಿ.

ಅಟ್ಲಾಂಟಿಕ್ ನಡುವಿನ ಬಿರುಕು ಕಣಿವೆಯ (ನೆಲ ಸೀಳಿ ಎರಡು ಕಡೆಗೆ ಸರಿಯುವ ಜಾಗ) ತಳದಲ್ಲೂ ಇಂಥದೇ ದಿಂಬುಗಳಿವೆ. ಅದೊಂದರಿಂದಲೇ ಮರಡಿಹಳ್ಳಿಯೂ ಬಿರುಕು ಕಣಿವೆಯಾಗಿತ್ತೆಂದು ಬರೆದುಬಿಡಬೇಡಿ. ದಿಂಬು ಹೇಳುವುದು ಲಾವಾ ನೀರಿಗೆ ಸಿಕ್ಕಿತ್ತು ಎಂದಷ್ಟೇ. ಕೆರೆಯೋ ಕಡಲೋ ಎಂಬುದನ್ನೂ ಅದು ಹೇಳದು.