ಫ್ರೀಜ್‌ಗೆ ಮೊದಲೇ ಕಿಡಿ ಹಾರಿಸಿದೆವು

ರೋಗಿಗೆ ಸಿರಿಂಜ್‌ನಿಂದ ನಿಧಾನವಾಗಿ ಔಷಧ ಹರಿಸುವ ಸಿರಿಂಜ್ ಪಂಪ್ ಮಾಡುವ ತಂಡದಲ್ಲಿ ನನ್ನದು ಎಲೆಕ್ಟ್ರಾನಿಕ್ಸ್ ಕೆಲಸ. ಮೊದಲ ಮಾಡೆಲ್ ತಡವಾದಾಗ ಎಲ್ಲರೂ ದೂರಿದ್ದು ಪೇಪರ್ ಕೆಲಸವನ್ನೇ. ನಾನೂ ದೂರಿದ್ದೆ ಬಿಡಿ. ಆಮೇಲೊಂದು ದಿನ ಸುಮ್ನೆ ಕೂತು ಹಳೆಯ ಚೇಂಜ್ ರಿಕ್ವೆಸ್ಟ್‌ಗಳನ್ನೆಲ್ಲ ಒಂದು ಶೀಟ್‌ಗೆ ಹಾಕಿದೆ. ಸಮಯ ತಿಂದದ್ದು ಪೇಪರ್ ಅಲ್ಲ, ಡಿಸೈನ್ ಫ್ರೀಜ್ ಆದಮೇಲೆ, ಅಂದರೆ ಇದೇ ಅಂತಿಮ ವಿನ್ಯಾಸ ಅಂತ ಗೊತ್ತುಮಾಡಿದ ಮೇಲೆ, ಮಾಡಿದ ಬದಲಾವಣೆಗಳು.

ಅದರಲ್ಲಿ ದೊಡ್ಡ ಪೆಟ್ಟು ಕೊಟ್ಟದ್ದು ಸ್ಟ್ಯಾಟಿಕ್ ಪರೀಕ್ಷೆ, ಅಂದರೆ ಸ್ಥಿರ ವಿದ್ಯುತ್ತಿನ ಕಿಡಿಯನ್ನು ಉಪಕರಣದ ಮೇಲೆ ಹಾರಿಸಿ ನೋಡುವುದು. ವೈದ್ಯಕೀಯ ಉಪಕರಣಗಳು ವಿದ್ಯುತ್ ಅಡಚಣೆಗಳನ್ನು ತಾಳಬೇಕೆನ್ನುವ ಮಾನದಂಡ ಐಇಸಿ 60601-1-2ರ 2014ರ ಆವೃತ್ತಿಯಲ್ಲಿ ಗಾಳಿಯ ಮೂಲಕ ಹಾರಿಸುವ ಕಿಡಿ 15 ಕಿಲೋವೋಲ್ಟ್‌ವರೆಗೆ ಹೋಗುತ್ತದೆ. ಅದರ ಹಿಂದಿನ ಆವೃತ್ತಿಯಲ್ಲಿ 8 ಇತ್ತು. ನಾವು ಕೀಪ್ಯಾಡ್ ಸರ್ಕ್ಯೂಟನ್ನು ಹಳೆಯ ಪಂಪ್‌ನಿಂದ ಹಾಗೇ ಎತ್ತಿಕೊಂಡಿದ್ದೆವು. ಲ್ಯಾಬ್‌ನಲ್ಲಿ ಕೀಪ್ಯಾಡ್ ಅಂಚಿಗೆ ಕಿಡಿ ಬಿದ್ದದ್ದೇ ತಡ, ಪಂಪ್ ರೀಸೆಟ್. ಔಷಧ ಹೋಗುತ್ತಿರುವಾಗ ಹೀಗಾದರೆ ಗತಿ ಏನು? ರಿಪೇರಿ ಸಣ್ಣದೇ: ಏರು ವೋಲ್ಟೇಜನ್ನು ತಡೆಯುವ ನಾಲ್ಕಾರು ಟಿವಿಎಸ್ ಡಯೋಡ್, ಗ್ರೌಂಡ್‌ಗೆ ಒಂದು ಚಿಕ್ಕ ದಾರಿ. ಆದರೆ ಬೋರ್ಡ್ ಬದಲಾಯಿತಲ್ವಾ? ರಿಸ್ಕ್ ಫೈಲ್, ಡ್ರಾಯಿಂಗ್, ಯಾವ ಅಗತ್ಯಕ್ಕೆ ಯಾವ ಪರೀಕ್ಷೆ ಅಂತ ಜೋಡಿಸಿದ ಟ್ರೇಸ್ ಮ್ಯಾಟ್ರಿಕ್ಸ್ ಎಲ್ಲ ತಿದ್ದಬೇಕಾಯಿತು. ಮುಗಿದಿದ್ದ ಪರೀಕ್ಷೆಗಳಲ್ಲಿ ಅರ್ಧವನ್ನು ಮತ್ತೆ ಮಾಡಿದೆವು.

ಮುಂದಿನ ಮಾಡೆಲ್‌ಗೆ ಇಎಸ್‌ಡಿ ಗನ್ (ಸ್ಟ್ಯಾಟಿಕ್ ಕಿಡಿ ಹಾರಿಸುವ ಸಾಧನ) ಬಾಡಿಗೆಗೆ ತಂದೆವು. ಕೇಸ್ ಕೂಡ ಸರಿಯಾಗಿ ಕೂರದ ಮೊದಲ ಪ್ರೋಟೋಟೈಪ್ ಮೇಲೇ ಹಾರಿಸಿದೆವು. ಮೇಜಿನ ಮೇಲೆ ಮಾಡಿದ ಇಂಥ ಪರೀಕ್ಷೆಗೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ. ಪಂಪ್ ಎಲ್ಲಿ ಸಾಯುತ್ತದೆ ಅಂತ ಮಾತ್ರ ಗೊತ್ತಾಗುತ್ತದೆ. ಎರಡು ಬಾರಿ ಸತ್ತಿತು. ಆಗಿನ್ನೂ ಬೋರ್ಡ್ ಬದಲಿಸಲು ಯಾರ ಸಹಿಯೂ ಬೇಕಿರಲಿಲ್ಲ.

ಸ್ಯಾಂಪಲ್ ಲೆಕ್ಕದಲ್ಲೂ ಉಳಿಸಿದೆವು. ಟ್ಯೂಬ್ ಜೋಡಣೆಯನ್ನು ಎಳೆದು ನೋಡುವ ಪರೀಕ್ಷೆಯಲ್ಲಿ ಬರೀ ಪಾಸ್-ಫೇಲ್ ಬರೆಯುತ್ತಿದ್ದೆವು. 95% ಕಾನ್ಫಿಡೆನ್ಸ್, 95% ರಿಲಯಬಿಲಿಟಿ (ನೂರರಲ್ಲಿ ಕನಿಷ್ಠ 95 ತುಂಡು ಪಾಸಾಗುತ್ತವೆ ಅಂತ 95% ಭರವಸೆ) ತೋರಿಸಲು ಹಾಗೆ 59 ತುಂಡು ಬೇಕು, ಒಂದೂ ಫೇಲ್ ಆಗಬಾರದು. ಕಿತ್ತುಬಂದಾಗಿನ ಬಲವನ್ನೇ ನ್ಯೂಟನ್‌ನಲ್ಲಿ ಅಳೆದು ಬರೆಯಲು ಶುರು ಮಾಡಿದೆವು. ಅಳತೆಗಳು ನಾರ್ಮಲ್ ಹಂಚಿಕೆಗೆ (ಸರಾಸರಿಯ ಎರಡೂ ಬದಿಗೆ ಗಂಟೆಯಾಕಾರದಲ್ಲಿ ಹರಡುವುದು) ಹೊಂದಿದವು, ಕನಿಷ್ಠ ಮಿತಿಯಿಂದ ಸಾಕಷ್ಟು ಮೇಲೂ ಇದ್ದವು. 15 ತುಂಡು ಸಾಕಾಯಿತು.

ಎಲ್ಲವೂ ಫಲಿಸಲಿಲ್ಲ. ಸ್ಕ್ರೀನ್ ಸಾಫ್ಟ್‌ವೇರನ್ನು ಮೋಟರ್ ನಡೆಸುವ ಭಾಗದಿಂದ ಬೇರೆ ಮಾಡಿ ವೈದ್ಯಕೀಯ ಸಾಫ್ಟ್‌ವೇರ್ ಮಾನದಂಡ ಐಇಸಿ 62304ರಲ್ಲಿ ಅತಿ ಹೆಚ್ಚು ಅಪಾಯದ್ದೆನ್ನುವ ಸಿ ಕ್ಲಾಸ್‌ನಿಂದ ಇಳಿಸಲು ಹೋದೆವು. ಒಂದರ ತಪ್ಪು ಇನ್ನೊಂದಕ್ಕೆ ತಾಗುವುದಿಲ್ಲ ಅಂತ ತೋರಿಸಬೇಕು. ಡೋಸ್ ತಪ್ಪಾಗಿ ತೋರಿಸುವ ಸ್ಕ್ರೀನ್ ಕೂಡ ಅಪಾಯವೇ ಅಲ್ವಾ ಅಂತ ಕ್ವಾಲಿಟಿಯವರು ಕೇಳಿದರು. ಉತ್ತರ ಇರಲಿಲ್ಲ. ಎರಡನ್ನೂ ಸಿ ಆಗಿಯೇ ಬಿಟ್ಟೆವು.