ವಿಭೂತಿ ಹಚ್ಚಿ ತಿಕ್ಕಿದ ರೂಪಾಯಿಗಳು

ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ ಐದು ಬೆಳ್ಳಿ ರೂಪಾಯಿಗಳಿದ್ದವು. ಒಂದು ವಿಕ್ಟೋರಿಯಾ ರಾಣಿಯದು, ಒಂದು ಏಳನೇ ಎಡ್ವರ್ಡನದು, ಉಳಿದ ಮೂರು ಐದನೇ ಜಾರ್ಜನವು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅವಕ್ಕೆ ವಿಭೂತಿ ಹಚ್ಚಿ, ಒದ್ದೆ ಬಟ್ಟೆಯಲ್ಲಿ ತಿಕ್ಕಿ ಕಳಶದ ಮುಂದಿಡುವುದು ಮನೆಯ ವಾಡಿಕೆ. ಅಜ್ಜಿ ತೀರಿಕೊಂಡ ಮೇಲೆ ಅವು ನನ್ನ ಪಾಲಿಗೆ ಬಂದವು. ಆ ಥಳಥಳಿಕೆ ಕಂಡು, ಇವು ಚಲಾವಣೆಯನ್ನೇ ಕಾಣದ ನಾಣ್ಯಗಳೆಂದು ತೀರ್ಮಾನಿಸಿಬಿಟ್ಟಿದ್ದೆ. ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನದಲ್ಲಿ ಹಿರಿಯ ಸಂಗ್ರಾಹಕರೊಬ್ಬರ ಕೈಗೆ ಕೊಟ್ಟೆ. ಅವರು ಮೇಜುದೀಪದ ಕೆಳಗೆ ಒಂದನ್ನು ಓರೆಯಾಗಿ ಹಿಡಿದು ಎರಡು ಸುತ್ತು ತಿರುಗಿಸಿ, “ನಿಮ್ಮ ಮನೆಯಲ್ಲಿ ಪೂಜೆ ಚೆನ್ನಾಗಿ ನಡೆದಿದೆ” ಎಂದು ನಕ್ಕರು.

ಅವರ ಭೂತಗನ್ನಡಿಯಲ್ಲಿ ನಾನೂ ನೋಡಿದೆ. ರಾಜನ ಮುಖದ ಮುಂದಿನ ಬಯಲಿನ ತುಂಬ ಜೇಡನ ನೂಲಿನಂಥ ಗೀರುಗಳು. ಅಜ್ಜಿಯ ಕೈ ಯಾವ ದಿಕ್ಕಿಗೆ ಓಡಾಡುತ್ತಿತ್ತೆಂದು ಹೇಳಬಹುದಾದಷ್ಟು ಸ್ಪಷ್ಟ.

ಉಜ್ಜಿದ ಮಿಂಚಿಗೂ ಹುಟ್ಟಿನ ಹೊಳಪಿಗೂ ಇರುವ ಅಂತರ ನನಗೆ ತಿಳಿದದ್ದು ಅಂದು. ಟಂಕಸಾಲೆಯಲ್ಲಿ ಬಿಲ್ಲೆಯ ಮೇಲೆ ಅಚ್ಚು ಒತ್ತಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ಬಿಟ್ಟು ಹೋಗುತ್ತದೆ. ಬೆಳಕು ಬೀಳುವುದು ಆ ಗೆರೆಗಳ ಮೇಲೆ. ಆದ್ದರಿಂದಲೇ ನಾಣ್ಯವನ್ನು ತಿರುಗಿಸಿದರೆ ಬೆಳಕಿನ ಪಟ್ಟಿ ಗಾಡಿಯ ಚಕ್ರದ ಕಡ್ಡಿಗಳಂತೆ ಸುತ್ತುತ್ತದೆ. ತಿಕ್ಕಿದ ನಾಣ್ಯದಲ್ಲಿ ಆ ಗೆರೆಗಳೇ ಹೋಗಿರುವುದರಿಂದ ಹೊಳಪು ಸುತ್ತುವುದಿಲ್ಲ, ಪಾತ್ರೆಯಂತೆ ಸುಮ್ಮನೆ ಮಿನುಗುತ್ತದೆ. ಈ ರೂಪಾಯಿಗಳ ತೂಕ 11.66 ಗ್ರಾಂ, ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ಅಷ್ಟು ಮೆತ್ತಗಿನ ಲೋಹಕ್ಕೆ ವಿಭೂತಿಯೂ ಅರದಂತೆಯೇ. ನಾಣ್ಯವನ್ನು ಪರೀಕ್ಷಿಸಿ ಅದರ ಸ್ಥಿತಿಗೊಂದು ಅಂಕಿ ಕೊಡುವ ಪಿಸಿಜಿಎಸ್, ಎನ್‌ಜಿಸಿಯಂಥ ದರ್ಜೆ ಕಂಪನಿಗಳು ಹೀಗೆ ಗಟ್ಟಿಯಾಗಿ ಉಜ್ಜಿದ ನಾಣ್ಯಗಳಿಗೆ ಸಾಮಾನ್ಯವಾಗಿ ಅಂಕಿಯನ್ನೇ ಕೊಡುವುದಿಲ್ಲ. ‘ಶುಚಿಗೊಳಿಸಿದ್ದು’ ಎಂದು ಬರೆದು ಮುಗಿಸುತ್ತವೆ.

ಈ ಪಾಠ ನನ್ನನ್ನು ಇನ್ನೊಂದು ತುದಿಗೆ ತಳ್ಳಿತು. ಚಪ್ಪಟೆಯಾಗಿ ಕಂಡದ್ದೆಲ್ಲ ಸವೆತ ಎನ್ನತೊಡಗಿದೆ. 1918ರ ಒಂದು ಜಾರ್ಜ್ ರೂಪಾಯಿ ಸಿಕ್ಕಿತ್ತು. ರಾಜನ ಕಿವಿ, ಹುಬ್ಬುಗಳ ಭಾಗ ಮೊಂಡಾಗಿತ್ತು. ರಟ್ಟಿನ ಚೌಕಟ್ಟಿನ ಮೇಲೆ ‘ವಿ.ಎಫ್.’ (ವೆರಿ ಫೈನ್, ಅಂದರೆ ಚಲಾವಣೆಯಲ್ಲಿ ಒಂದಿಷ್ಟು ಸವೆದದ್ದು) ಎಂದು ಬರೆದು, ಬೆಳ್ಳಿಯ ಬೆಲೆಗಿಂತ ಸ್ವಲ್ಪ ಹೆಚ್ಚಿಗೆ ಗೆಳೆಯರೊಬ್ಬರಿಗೆ ಕೊಟ್ಟೆ. ಮೂರು ತಿಂಗಳ ಬಳಿಕ ಅವರ ಮನೆಯಲ್ಲಿ ಅದೇ ನಾಣ್ಯ ದೀಪದ ಕೆಳಗೆ ಬಂದಾಗ ನನ್ನ ಮುಖ ಸಣ್ಣದಾಯಿತು. ಆ ಮೊಂಡು ಕಿವಿಯ ಮೇಲೆಯೂ ಬೆಳಕಿನ ಪಟ್ಟಿ ತಡೆಯಿಲ್ಲದೆ ಹಾದು ಹೋಗುತ್ತಿತ್ತು. ಅಂದರೆ ಅದು ಸವೆದದ್ದೇ ಅಲ್ಲ.

ಗೊಂದಲದ ಮೂಲ ಇಷ್ಟು. ನಾಣ್ಯದ ಮೇಲೆ ಅತಿ ಎತ್ತರದ ಜಾಗ ಎಂದರೆ ಅಚ್ಚಿನಲ್ಲಿ ಅತಿ ಆಳದ ಕುಳಿ. ಲೋಹ ಕೊನೆಗೆ ತಲುಪುವುದು ಅಲ್ಲಿಗೆ. ಒತ್ತಡ ಸಾಲದಿದ್ದರೆ, ಅಚ್ಚು ಹಳೆಯದಾಗಿದ್ದರೆ, ಅಥವಾ ಬೆನ್ನಿನ ಬದಿಯಲ್ಲಿ ಅದೇ ಜಾಗಕ್ಕೆ ಇನ್ನೊಂದು ಆಳದ ಚಿತ್ತಾರ ಇದ್ದು ಅದೂ ಲೋಹವನ್ನು ಎಳೆದುಕೊಂಡರೆ, ಆ ಕುಳಿ ತುಂಬುವುದಿಲ್ಲ. ಇತ್ತ ಕೈಯಿಂದ ಕೈಗೆ ಹೋಗುವಾಗ ಮೊದಲು ತೇಯುವುದೂ ಆ ಎತ್ತರದ ಜಾಗವೇ. ಎರಡು ಬೇರೆ ಬೇರೆ ದೋಷಗಳು ಬಂದು ಕೂರುವುದು ಒಂದೇ ಕಿವಿಯ ಮೇಲೆ! ಅಮೆರಿಕದ ಹಳೆಯ ಬೆಳ್ಳಿ ನಾಣ್ಯವಾದ ಮಾರ್ಗನ್ ಡಾಲರ್‌ನ ಸಂಗ್ರಾಹಕರಿಗೆ ಇದು ಹಳೆಯ ತಲೆನೋವು. ನ್ಯೂ ಆರ್ಲಿಯನ್ಸ್ ಟಂಕಸಾಲೆಯ ಅನೇಕ ಡಾಲರ್‌ಗಳಲ್ಲಿ ಕಿವಿಯ ಮೇಲಿನ ಕೂದಲು ಹುಟ್ಟುವಾಗಲೇ ಅಳಿಸಿದಂತಿರುತ್ತದೆ.

ಈಗ ನಾನು ಕಿವಿಯನ್ನು ನೋಡುವಾಗ ಮೊದಲು ಬಣ್ಣ ಕೇಳುತ್ತೇನೆ. ತೇದಿದ್ದರೆ ಆ ಜಾಗ ಸುತ್ತಲಿನದಕ್ಕಿಂತ ಮಂಕು ಬೂದು, ಹೊಳಪು ಅಲ್ಲಿಗೆ ಬಂದು ನಿಲ್ಲುತ್ತದೆ. ಒತ್ತು ಸಾಲದೆ ಹೋಗಿದ್ದರೆ ಹೊಳಪು ಮುಂದುವರಿಯುತ್ತದೆ, ಜೊತೆಗೆ ಅಚ್ಚು ಬೀಳುವ ಮೊದಲೇ ಬಿಲ್ಲೆಗೆ ಆಗಿದ್ದ ಸಣ್ಣ ತರಚುಗಳು ಅಲ್ಲಿ ಹಾಗೆಯೇ ಉಳಿದಿರುತ್ತವೆ. ಬೇರೆಡೆ ಒತ್ತಡ ಅವನ್ನು ಅಳಿಸಿರುತ್ತದೆ. ಆಮೇಲೆ ಕಿರೀಟ, ಅಂಚು, ಅಕ್ಷರಗಳತ್ತ ಕಣ್ಣು ಹಾಯಿಸುತ್ತೇನೆ. ಸವೆತ ಎಲ್ಲ ಎತ್ತರಗಳಿಂದಲೂ ಸುಂಕ ವಸೂಲು ಮಾಡುತ್ತದೆ. ಒಂದೇ ಕಡೆ ಮೊಂಡಾಗಿ, ಉಳಿದದ್ದೆಲ್ಲ ಚೂಪಾಗಿದ್ದರೆ ಅದು ಹುಟ್ಟುಗುಣ. ಸುಟ್ಟರೂ ಹೋಗದು, ತಿಕ್ಕಿದರಂತೂ ಖಂಡಿತ ಹೋಗದು. ಇದಕ್ಕೆಲ್ಲ ಬೇಕಾದದ್ದು ಒಂದೇ ಒಂದು ಹಳದಿ ಬಲ್ಬಿನ ದೀಪ, ಕೆಳಗೆ ಮೆತ್ತನೆಯ ಬಟ್ಟೆ, ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯುವ ಶಿಸ್ತು. ಟ್ಯೂಬ್‌ಲೈಟಿನ ಕೆಳಗೆ ಗೀರುಗಳು ಅಡಗಿಕೊಳ್ಳುತ್ತವೆ. ಅಂಗಡಿಗಳಲ್ಲಿ ಬಹುತೇಕ ಟ್ಯೂಬ್‌ಲೈಟೇ ಇರುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟಿದ್ದೇನೆ.

ಪೆಟ್ಟು, ಗೀರುಗಳನ್ನು ನಾನು ಎಣಿಸುವುದಿಲ್ಲ, ಎಲ್ಲಿವೆ ಎಂದು ನೋಡುತ್ತೇನೆ. ವಿಕ್ಟೋರಿಯಾಳ ಉಡುಪಿನ ಕಸೂತಿಯ ನಡುವೆ ನಾಲ್ಕು ಪೆಟ್ಟು ಬಿದ್ದಿದ್ದರೂ ಕಾಣುವುದಿಲ್ಲ. ಕೆನ್ನೆಯ ಮೇಲಿನ ಒಂದೇ ಒಂದು ಕಣ್ಣಿಗೆ ಚುಚ್ಚುತ್ತದೆ. ಚೀಲದಲ್ಲಿ ನಾಣ್ಯಕ್ಕೆ ನಾಣ್ಯ ತಾಗಿ ಆದ ಗುರುತನ್ನು ದರ್ಜೆಯವರು ಕ್ಷಮಿಸುತ್ತಾರೆ, ಆದರೆ ಅಂಕಿ ಇಳಿಸುತ್ತಾರೆ. ನಮ್ಮ ಕಡೆಯ ರೂಪಾಯಿಗಳಿಗೆ ಬೇರೆಯೇ ಶತ್ರುಗಳಿವೆ: ಬೆಳ್ಳಿ ಅಸಲಿಯೇ ಎಂದು ಸರಾಫರು ಒತ್ತಿದ ಚಿಕ್ಕ ಮುದ್ರೆ, ಕೊರಳ ಸರಕ್ಕೆ ಪೋಣಿಸಲು ಬೆಸೆದ ಕೊಂಡಿ. ಕೊಂಡಿ ತೆಗೆದು ಅರ ಹಾಕಿ ಸರಿಮಾಡಿದ್ದನ್ನು ಹಿಡಿಯಲು ಮುಖ ನೋಡಬಾರದು, ಅಂಚಿನ ಹಲ್ಲುಗಳ ಮೇಲೆ ಉಗುರು ಓಡಿಸಬೇಕು. ಕಣ್ಣು ಮೋಸ ಹೋದ ಕಡೆ ಎರಡು ಸಲ ನನ್ನ ಉಗುರು ಮೋಸ ಹೋಗಿಲ್ಲ.

ವಿಲಿಯಂ ಷೆಲ್ಡನ್ ಎಂಬ ಅಮೆರಿಕದ ನಾಣ್ಯತಜ್ಞ 1949ರಲ್ಲಿ ಅಮೆರಿಕದ ತಾಮ್ರದ ಸೆಂಟುಗಳಿಗಾಗಿ ಮಾಡಿದ 1ರಿಂದ 70ರ ಅಳತೆಗೋಲೇ ಈಗ ಎಲ್ಲ ನಾಣ್ಯಗಳಿಗೂ ಬಂದಿದೆ. 62ಕ್ಕೂ 63ಕ್ಕೂ ನಡುವಿನ ಅಂತರ ನನಗೆ ಇಂದಿಗೂ ಬೆಳಿಗ್ಗೆ ಒಂದು, ಸಂಜೆ ಒಂದು. ಟಿಪ್ಪುವಿನ ಆನೆ ಕಾಸು ಕೈಗೆತ್ತಿಕೊಂಡಾಗಲಂತೂ ಆ ಅಳತೆಗೋಲನ್ನು ಪಕ್ಕಕ್ಕಿಡುತ್ತೇನೆ. ಅದು ಸುತ್ತಿಗೆಯ ಏಟಿಗೆ ಹುಟ್ಟಿದ ತಾಮ್ರ. ಏಟು ಅತ್ತಿತ್ತ ಸರಿದರೆ ಆನೆಯ ಸೊಂಡಿಲೋ ಬಲದಿಂದ ಎಡಕ್ಕೆ ಓದುವ ಮೌಲೂದಿ (ಟಿಪ್ಪು ಜಾರಿಗೆ ತಂದ ಕಾಲಗಣನೆ) ವರ್ಷದ ಅಂಕಿಯೋ ನಾಣ್ಯದ ಹೊರಗೇ ಉಳಿಯುತ್ತದೆ. ಆನೆ ಇಡಿಯಾಗಿ, ವರ್ಷ ಪೂರ್ತಿಯಾಗಿ ಬಿದ್ದಿದ್ದರೆ ಹತ್ತು ಗೀರುಗಳಿದ್ದರೂ ಕೊಳ್ಳುತ್ತೇನೆ.

ಆ 1918ರ ರೂಪಾಯಿಯನ್ನು ಗೆಳೆಯರು ಕೇಳಿದ ಬೆಲೆಗೆ ಮರಳಿ ಕೊಂಡೆ. ಎಷ್ಟೆಂದು ಮನೆಯಲ್ಲಿ ಹೇಳಿಲ್ಲ. ಅದೀಗ ಅಂಚಿನ ಸುತ್ತ ನೇರಳೆಗಪ್ಪಾಗುತ್ತಿದೆ. ಹಬ್ಬಕ್ಕೆ ಮುಂಚೆ ಹೆಂಡತಿ ಅದರ ಕಡೆಗೂ ಒಮ್ಮೆ ನೋಡುತ್ತಾಳೆ. ಕಳಶದ ಮುಂದಿಡಲು ಅಜ್ಜಿಯ ಐದನ್ನೇ ಕೊಟ್ಟಿದ್ದೇನೆ, ವಿಭೂತಿಯ ಗಟ್ಟಿಯ ಸಮೇತ.